ಹುಡುಗಿಯರ ಫುಟ್‌ಬಾಲ್ ಟೀಮ್ ಕಟ್ಟಿದ್ದೀರಾ? ಮೊದಲ ಸೀಸನ್ ದಾಟಿಸೋದು ಹೀಗೆ

ಚಿಕ್ಕಮಗಳೂರಿನಲ್ಲಿ ಹುಡುಗಿಯರ ಫುಟ್‌ಬಾಲ್ ಟೀಮ್ ಅಂದ ಕೂಡಲೇ ಎಲ್ಲರೂ ಕೇಳುವುದು ‘ಕೋಚ್ ಯಾರು?’ ಅಂತ. ಒಂದು ಸೀಸನ್ ಮ್ಯಾನೇಜರ್ ಕೆಲಸ ಮಾಡಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ‘ನಿಮ್ಮೂರಿಗೆ ಕೊನೆ ಬಸ್ ಎಷ್ಟು ಗಂಟೆಗೆ?’

ನಾವು ಶುರುವಿನಲ್ಲಿ ಅಭ್ಯಾಸ ಇಟ್ಟಿದ್ದು ಸಂಜೆ ಐದೂವರೆಗೆ. ಆಲ್ದೂರು, ಮಲ್ಲಂದೂರು ಕಡೆ ಹುಡುಗಿಯರಿಗೆ ಬಸ್ ತಪ್ಪಿತು ಅಂದರೆ ತಪ್ಪಿತು, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಭಯ ಬೇರೆ. ಇಪ್ಪತ್ತೆರಡು ಜನ ಇದ್ದವರು ಎರಡೇ ವಾರದಲ್ಲಿ ಹದಿಮೂರಾದರು. ಆಟ ಬೇಜಾರಾಗಿ ಬಿಟ್ಟವರು ಅದರಲ್ಲಿ ಒಬ್ಬರೂ ಇರಲಿಲ್ಲ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರಿನ ಮುಂದೆ ಬಸ್ ಟೈಮ್ ಬರೆದುಕೊಂಡು, ವಾರದಲ್ಲಿ ಎರಡು ದಿನ ಕಾಲೇಜು ಬಿಟ್ಟ ತಕ್ಷಣ ಒಂದೂಕಾಲು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಅಂತ ಮಾಡಿದೆವು. ಬಿಟ್ಟವರಲ್ಲಿ ಐದು ಜನ ವಾಪಸ್ ಬಂದರು. ನೀವೂ ಮೊದಲು ಆ ನೋಟ್‌ಬುಕ್ ಮಾಡಿ. ಜೆರ್ಸಿ ಡಿಸೈನ್, ಲೋಗೋ, ಇನ್‌ಸ್ಟಾಗ್ರಾಂ ಪೇಜ್ ಎಲ್ಲ ಆಮೇಲೆ.

ಮೊದಲ ಸೀಸನ್‌ಗೆ ಗುರಿ ಏನಿರಬೇಕು ಅನ್ನೋದನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ಮೊದಲ ವರ್ಷವೇ ಎಲ್ಲ ಟೀಮೂ ಮೇಲೆ ಹೋಗಲ್ಲ. ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗ್‌ಗೆ 2022ರಲ್ಲಿ ಕ್ಯಾಲಿಫೋರ್ನಿಯಾದಿಂದಲೇ ಎರಡು ಹೊಸ ಟೀಮ್ ಬಂದವು. ಸ್ಯಾನ್ ಡಿಯಾಗೋ ವೇವ್ ಮೊದಲ ವರ್ಷವೇ ಮೂರನೇ ಸ್ಥಾನಕ್ಕೆ ಹೋಯಿತು, ಅಲೆಕ್ಸ್ ಮಾರ್ಗನ್ 15 ಗೋಲ್ ಹೊಡೆದು, ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ತಗೊಂಡರು. ಏಂಜಲ್ ಸಿಟಿ 12 ಟೀಮ್‌ಗಳಲ್ಲಿ ಎಂಟನೆಯದಾಯಿತು, ಆದರೆ ಅವರ ಮೊದಲ ಲೀಗ್ ಪಂದ್ಯಕ್ಕೆ ಸೇರಿದ್ದು 22 ಸಾವಿರ ಜನ. ನಮ್ಮಲ್ಲೇ ನೋಡಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಇಂಡಿಯನ್ ವಿಮೆನ್ಸ್ ಲೀಗ್‌ಗೆ ಬಂದಿದ್ದು 2022-23ರಲ್ಲಿ, ಚಾಂಪಿಯನ್ ಆಗಿದ್ದು 2024-25ರಲ್ಲಿ. ಅಷ್ಟು ದುಡ್ಡು, ಅಷ್ಟು ಹೆಸರು ಇರುವವರಿಗೇ ಟೈಮ್ ಬೇಕಾಯಿತು. ನಮ್ಮಂಥ ಟೀಮ್‌ಗೆ ಒಂದೇ ಗುರಿ ಸಾಕು. ಮೊದಲ ಪಂದ್ಯಕ್ಕೆ ಬಸ್ ಹತ್ತಿದ ಹುಡುಗಿಯರೇ ಕೊನೆ ಪಂದ್ಯಕ್ಕೂ ಹತ್ತಬೇಕು.

ಅದಕ್ಕೆ ಮನೆಗಳಿಗೆ ಹೋಗಲೇಬೇಕು. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ಕೋಚ್ ಗಂಡಸಾದರೆ ಜೊತೆಗೆ ಒಬ್ಬ ಹೆಂಗಸು ಹೋಗಲಿ. ಟ್ರೋಫಿ, ಸ್ಪೋರ್ಟ್ಸ್ ಕೋಟಾ ಅಂತೆಲ್ಲ ದೊಡ್ಡ ಮಾತು ಬೇಡ, ಸಿಗದಿದ್ದರೆ ನಾಳೆ ನಿಮ್ಮ ಮುಖ ನೋಡಲ್ಲ. ನಮ್ಮ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಬದಿ ಕಾಯುವ ಹುಡುಗಿಯ ಮನೆಗೆ ಹೋದಾಗ ಅವಳಮ್ಮ ಕಾಫಿ ಕೊಟ್ಟು, ಬಾಗಿಲ ಹತ್ತಿರ ನಿಂತು, ಅರ್ಧ ಗಂಟೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು: “ಅದೆಲ್ಲ ಸರಿ ಅಕ್ಕ, ಇವಳನ್ನ ಬಸ್ ಹತ್ತಿಸೋವರೆಗೂ ನೀವು ಅಲ್ಲೇ ಇರ್ತೀರಾ?” ಇರ್ತೀನಮ್ಮ ಅಂದೆ. ಇಡೀ ಸೀಸನ್ ಬಸ್ ಸ್ಟ್ಯಾಂಡಿನಲ್ಲಿ ನಿಂತೆ.

ಇನ್ನು ದುಡ್ಡು. ಆಡುವವರಿಗೆ ದುಡ್ಡು ಕೊಡುವ ಪ್ರೊಫೆಷನಲ್ ಟೀಮ್ ಅಂದರೆ ಲಕ್ಷಗಟ್ಟಲೆ ಸಂಬಳ ಅಂದುಕೊಂಡು ನಮ್ಮಿಂದ ಆಗಲ್ಲ ಅಂತ ಕೈಬಿಡುವವರೇ ಜಾಸ್ತಿ. ಪಂದ್ಯಕ್ಕೆ ಇನ್ನೂರೋ ಮುನ್ನೂರೋ ಏನು ಆಗುತ್ತದೋ ಅದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಗಾಯವಾದರೆ ಖರ್ಚು ಯಾರದು, ಪರೀಕ್ಷೆ ಬಂದರೆ ರಜೆ ಹೇಗೆ, ಬೇರೆ ಟೀಮ್ ಕರೆದರೆ ಹೋಗಬಹುದಾ ಅನ್ನೋದನ್ನೂ ಸೇರಿಸಿ ಸಹಿ ಮಾಡಿಸಿ. ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಸಹಿ. ಹೇಳಿದ ದಿನ ದುಡ್ಡು ಕೊಡಿ, ಒಂದು ದಿನವೂ ತಡ ಮಾಡಬೇಡಿ. ಮೊದಲ ಕವರ್ ಕೊಟ್ಟ ದಿನ ಒಬ್ಬಳು ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ನಿಂತು ಇನ್ನೂರು ರೂಪಾಯಿಯನ್ನು ಎರಡು ಸಲ ಎಣಿಸಿದಳು. ಎರಡೇ ನೋಟು ಇದ್ದಿದ್ದು! ಮುಂದಿನ ವಾರದಿಂದ ಅವರ ಮನೆಯಲ್ಲಿ ‘ಆಡೋಕೆ ಹೋಗ್ತಾಳೆ’ ಅನ್ನೋದು ‘ಮ್ಯಾಚ್ ಇದೆ ಅವಳಿಗೆ’ ಅಂತಾಯಿತು. ಭಾನುವಾರದ ಪಾತ್ರೆ ತಮ್ಮನ ಪಾಲಿಗೆ ಬಂತಂತೆ.

ಕಿಟ್ ವಿಷಯದಲ್ಲಿ ಒಂದೇ ಹಠ ಹಿಡಿಯಿರಿ: ಬಿಳಿ ಚಡ್ಡಿ ಬೇಡ. ಕಾರಣ ಹೆಂಗಸರಿಗೆ ಹೇಳಬೇಕಾಗಿಲ್ಲ. ಇಂಗ್ಲೆಂಡ್ ಮಹಿಳಾ ತಂಡವೇ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂತು, ನಾವೇನು ಮಹಾ. ಕಪ್ಪು ಅಥವಾ ಕಡು ನೀಲಿ ತಗೊಳ್ಳಿ. ಸ್ಪೋರ್ಟ್ಸ್ ಬ್ರಾ ಕೂಡ ಕಿಟ್ ಲೆಕ್ಕದಲ್ಲೇ ಬರಲಿ, ಅವರವರೇ ತಗೊಳ್ಳಲಿ ಅಂತ ಬಿಟ್ಟರೆ ಅರ್ಧ ಜನ ತಗೊಳ್ಳೋದೇ ಇಲ್ಲ. ಮೆಡಿಕಲ್ ಬ್ಯಾಗಿನಲ್ಲಿ ಐಸ್, ಬ್ಯಾಂಡೇಜು, ಓಆರ್‌ಎಸ್ ಜೊತೆ ಪ್ಯಾಡ್ ಇಡಿ. ಶೂ ಕೊಳ್ಳುವಾಗ ಹುಡುಗಿಯರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ನಾವು ಸೈಜ್ ಕೇಳಿಕೊಂಡು ಒಟ್ಟಿಗೆ ತರಿಸಿ, ಎಲ್ಲಾ ಗಂಡುಮಕ್ಕಳ ಅಳತೆ ಬಂದು, ಮೊದಲ ತಿಂಗಳು ಪೂರ್ತಿ ಎರಡೆರಡು ಜೊತೆ ಸಾಕ್ಸ್ ಹಾಕಿಕೊಂಡು ಆಡಿದರು. ಚೆಂಡು ಐದನೇ ಸೈಜಿನದು. ಮಳೆಯಲ್ಲಿ ನೆನೆದು ಭಾರವಾಗುವ ಅಗ್ಗದ ಚೆಂಡು ಬೇಡ.

ಅಭ್ಯಾಸ ಹೇಗಿರಬೇಕು ಅನ್ನೋದನ್ನ ಕೋಚ್ ನೋಡಿಕೊಳ್ಳಲಿ, ಆದರೆ ವಾರ್ಮ್ ಅಪ್ ಮೇಲೆ ನಿಮ್ಮ ಕಣ್ಣಿರಲಿ. ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಒಂದು ಸಲ ಹರಿದರೆ ಆ ಸೀಸನ್ ಮುಗಿದ ಹಾಗೆ. ಫಿಫಾ 11+ ಅಂತ ಇಪ್ಪತ್ತು ನಿಮಿಷದ ವಾರ್ಮ್ ಅಪ್ ಇದೆ, ಅದರಲ್ಲಿ ಓಟ, ತೊಡೆಗೆ ಶಕ್ತಿ, ಒಂಟಿ ಕಾಲಲ್ಲಿ ನಿಲ್ಲೋದು, ಜಿಗಿದು ಮಂಡಿ ಒಳಗೆ ಬೀಳದ ಹಾಗೆ ಇಳಿಯೋದು ಎಲ್ಲ ಸೇರಿದೆ. ಯೂಟ್ಯೂಬಿನಲ್ಲಿ ನೋಡಿ ಕಲಿಯಬಹುದು, ಒಂದು ರೂಪಾಯಿ ಖರ್ಚಿಲ್ಲ. ಚೆಂಡು ಕಂಡ ಕೂಡಲೇ ಹುಡುಗಿಯರು ಇದನ್ನು ಹಾರಿಸಿಬಿಡಲು ನೋಡುತ್ತಾರೆ. ನಾನು ಚೆಂಡುಗಳನ್ನು ಸ್ಕೂಟಿ ಡಿಕ್ಕಿಯಲ್ಲಿಟ್ಟು ಬೀಗ ಹಾಕುತ್ತಿದ್ದೆ, ಅದರಲ್ಲಿ ಹಿಡಿಯದವು ನನ್ನ ಕಾಲ ಹತ್ತಿರ. ಇಪ್ಪತ್ತು ನಿಮಿಷ ಆದ ಮೇಲೇ ಹೊರಗೆ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆ ಗೊತ್ತಲ್ವಾ. ಕೆಸರು ಗದ್ದೆ ಫುಟ್‌ಬಾಲ್ ಆಡೋಕೆ ಚೆಂದ, ಅಭ್ಯಾಸಕ್ಕೆ ಮಂಡಿ ಹೋಗುತ್ತದೆ. ಆ ಮೂರು ತಿಂಗಳು ಟರ್ಫ್ (ಕೃತಕ ಹುಲ್ಲಿನ ಮೈದಾನ) ಅಥವಾ ಯಾವುದಾದರೂ ಶಾಲೆಯ ಹಾಲ್ ಮಾತಾಡಿಕೊಳ್ಳಿ. ಟರ್ಫ್‌ನವರು ಮಧ್ಯಾಹ್ನ ಖಾಲಿ ಇರುತ್ತಾರೆ, ಕಮ್ಮಿಗೆ ಕೊಡುತ್ತಾರೆ.

ಕಾಗದ ಪತ್ರ ಬೇಗ ಮುಗಿಸಿ. ಆಟಗಾರ್ತಿಯರ ನೋಂದಣಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಅನ್ನುವ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ಆಗಬೇಕು. ಆಧಾರ್‌ನಲ್ಲಿ ಒಂದು ಹೆಸರು, ಜನನ ಪ್ರಮಾಣ ಪತ್ರದಲ್ಲಿ ಇನ್ನೊಂದು, ಇನಿಷಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ, ಇದು ಪ್ರತಿ ಟೀಮಿನಲ್ಲೂ ನಾಲ್ಕೈದು ಜನಕ್ಕೆ ಇದ್ದೇ ಇರುತ್ತದೆ. ಸೀಸನ್‌ಗೆ ಎರಡು ತಿಂಗಳು ಮೊದಲೇ ಎಲ್ಲರ ಕಾಗದ ಒಂದು ಟೇಬಲ್ ಮೇಲೆ ಹಾಕಿ ನೋಡಿ.

ಪಂದ್ಯಕ್ಕೆ ಬೆಂಗಳೂರಿಗೆ ಹೋಗಬೇಕಾದಾಗ ವ್ಯಾನ್ ಬಾಡಿಗೆ ಕೇಳಿ ನಮ್ಮ ಖಜಾಂಚಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಗ ಗೋಲ್‌ಕೀಪರ್ ಹುಡುಗಿಯೇ ಹೇಳಿದ್ದು, “ಅಕ್ಕ, ನಮಗೆ ಬಸ್ ಫ್ರೀ ಅಲ್ವಾ?” 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಒಂದು ಟೀಮ್ ಪೂರ್ತಿ ಬೇಲೂರು, ಹಾಸನ ಮೇಲೆ ಬೆಂಗಳೂರಿಗೆ ಪುಕ್ಕಟೆ. ದುಡ್ಡು ಕೊಟ್ಟಿದ್ದು ಕೋಚ್ ಒಬ್ಬರೇ, ದಾರಿಯುದ್ದಕ್ಕೂ ಅವರನ್ನು ಕಾಡಿಸಿದ್ದೇ ಕಾಡಿಸಿದ್ದು. ಎಲ್ಲರ ಗುರುತಿನ ಚೀಟಿ ಒಂದೇ ಪೌಚ್‌ನಲ್ಲಿರಲಿ. ಬೆಳಗಿನ ಪಂದ್ಯವಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ, ಐದಾರು ಗಂಟೆ ಕೂತು ಬಂದ ಕಾಲು ಓಡಲ್ಲ. ಆಟಕ್ಕೆ ಮೂರು ಗಂಟೆ ಮೊದಲು ಇಡ್ಲಿ, ಆಮೇಲೆ ಬಾಳೆಹಣ್ಣು, ಕಡಲೆ ಮಿಠಾಯಿ. ಮಸಾಲೆ ದೋಸೆ ಗೆದ್ದರೂ ಸೋತರೂ ಪಂದ್ಯ ಮುಗಿದ ಮೇಲೆ.

ಜನ ಕಮ್ಮಿಯಾದರೆ ಗಾಬರಿ ಬೇಡ. ನಿಯಮದ ಪ್ರಕಾರ ಏಳು ಜನ ಇದ್ದರೆ ಪಂದ್ಯ ಆಡಬಹುದು. ನಮ್ಮ ಮೂರನೇ ಪಂದ್ಯಕ್ಕೆ, ಡಿಗ್ರಿ ಪರೀಕ್ಷೆ ಬಿದ್ದು, ಒಂಬತ್ತೇ ಜನ ಇದ್ದರು. ಬಿಟ್ಟುಕೊಡೋಣ ಅಂದೆ ನಾನು. ಹುಡುಗಿಯರು ಒಪ್ಪಲಿಲ್ಲ. ಆರು ಗೋಲ್ ತಿಂದೆವು, ಕೊನೆ ಹತ್ತು ನಿಮಿಷದಲ್ಲಿ ಲೆಫ್ಟ್ ಬ್ಯಾಕ್ ಒಂದು ಕಾರ್ನರ್ ಗಿಟ್ಟಿಸಿದ್ದಕ್ಕೆ ಗೋಲ್ ಹೊಡೆದಷ್ಟೇ ಕೂಗಾಡಿದರು. ಅವತ್ತಿನಿಂದ ಪರೀಕ್ಷೆ ವೇಳಾಪಟ್ಟಿಯೂ ನನ್ನ ನೋಟ್‌ಬುಕ್ಕಿಗೆ ಬಂತು.

ಕೊನೆ ಪಂದ್ಯ ಮುಗಿದ ದಿನವೇ ಮುಂದಿನ ಅಭ್ಯಾಸದ ತಾರೀಖು ಹೇಳಿಬಿಡಿ, ‘ನೋಡೋಣ, ಮೆಸೇಜ್ ಹಾಕ್ತೀನಿ’ ಅಂದರೆ ಟೀಮ್ ಚದುರಿಹೋಗುತ್ತದೆ. ಕಾಫಿ ಕೊಯ್ಲು ನೋಡಿಕೊಂಡು ಹೇಳಿ. ನಮ್ಮಲ್ಲಿ ನಾಲ್ಕು ಜನ ಆ ಟೈಮಿನಲ್ಲಿ ಮನೆಯವರ ಜೊತೆ ಹಣ್ಣು ಕೊಯ್ಯೋಕೆ ಹೋಗುತ್ತಾರೆ, ಆ ಕೂಲಿ ಬಿಟ್ಟು ಬಾ ಅನ್ನೋಕೆ ನಮಗೆ ಬಾಯಿಲ್ಲ. ವಾಪಸ್ ಬರುವಾಗ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಅವರೇ ಲೆಕ್ಕ ಹಾಕಿದರು. ಅರೇಬಿಕಾ ಮುಗಿದಿರುತ್ತೆ, ರೋಬಸ್ಟಾ ಇನ್ನೂ ಜೋರಾಗಿರಲ್ಲ, ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಎಂಟಕ್ಕೆ. ಅವತ್ತು ಹದಿನಾರು ಜನ ಬಂದರು. ಒಬ್ಬಳು ತಂಗಿಯನ್ನೂ ಕರೆತಂದಿದ್ದಳು.