ಝೂ ಕಸ ವಿಲೇವಾರಿ: ಮಂಗಳವಾರದಿಂದ ಶುರು ಮಾಡಿ

ಮೈಸೂರು ಝೂಗೆ ಮಂಗಳವಾರ ರಜೆ. ಗೇಟಲ್ಲಿ ಜನ ಇಲ್ಲ, ಚಿಪ್ಸ್ ಪ್ಯಾಕೆಟ್ ಇಲ್ಲ, ನೀರಿನ ಬಾಟ್ಲಿ ಇಲ್ಲ. ಹಂಗಂತ ಕಸ ಇರಲ್ವಾ? ದೊಡ್ಡ ಆನೆ ದಿನಕ್ಕೆ 150 ಕೆಜಿ ಹತ್ರತ್ರ ಮೇವು ತಿನ್ನುತ್ತೆ, ಅದ್ರಲ್ಲಿ ಅರ್ಧದಷ್ಟೂ ಸರಿಯಾಗಿ ಜೀರ್ಣ ಆಗಲ್ಲ, ಮಿಕ್ಕಿದ್ದೆಲ್ಲಾ ಲದ್ದಿ, ಅದಕ್ಕೆ ರಜೆ ಗಿಜೆ ಏನೂ ಇಲ್ಲ. ನಾವು ಝೂ ಕ್ಲೀನಾ ಅಂತ ನೋಡೋದು ಬಾಯಿ ತೆರ್ಕೊಂಡು ನಿಂತಿರೋ ಪೆಂಗ್ವಿನ್ ಡಸ್ಟ್‌ಬಿನ್ನಲ್ಲಿ, ಭಾರದ ಕಸ ಹೋಗೋದು ಹಿಂದಿನ ಗೇಟಲ್ಲಿ.

ಅದಕ್ಕೇ ಮೊದ್ಲು ತೂಕ. ಒಂದು ವಾರ ಪೂರ್ತಿ, ಯಾವ ಆವರಣದಿಂದ ಎಷ್ಟು ಬಂತು ಅಂತ ತೂಗಿ ಬರೆದಿಡಿ, ರಜೆ ದಿನದ್ದು ಬೇರೆ ಕಾಲಂ. ಆ ದಿನ ಬಂದಿದ್ದು ಪೂರಾ ಪ್ರಾಣಿಗಳ ಕಸ, ಬೇರೆ ದಿನ ಅದ್ರ ಮೇಲೆ ಹೆಚ್ಚಾಗಿದ್ದು ಬಹುಪಾಲು ನಮ್ಮಂಥವರದ್ದು. ಹಂಗೇ ತಿನ್ನದೆ ಬಿಟ್ಟ ಮೇವನ್ನೂ ತೂಗಿ. ದಿನಾ ಅಷ್ಟೇ ಉಳೀತಿದ್ರೆ ಗೊಬ್ಬರ ಮಾಡೋಕೆ ಮುಂಚೆ ಝೂ ಡಾಕ್ಟರನ್ನ ಕೇಳಿ ಇಂಡೆಂಟ್, ಅಂದ್ರೆ ಮೇವಿನ ಆರ್ಡರ್, ಕಮ್ಮಿ ಮಾಡಿ.

ಆಮೇಲೆ ವಿಂಗಡಣೆ. ಹಸಿ ಕಸ ಒಣ ಕಸ ಅಂತ ಮನೇಲಿ ಮಾಡೋ ಲೆಕ್ಕ ಇಲ್ಲಿ ಸಾಲಲ್ಲ, ಯಾರು ಏನು ತಿಂದ್ರು ಅನ್ನೋದು ಮುಖ್ಯ. ಆನೆ ಲದ್ದಿ, ಜಿಂಕೆ ಹಿಕ್ಕೆ, ಕಾಟಿ ಸಗಣಿ ಎಲ್ಲಾ ಒಂದು ಕಡೆ. ಹುಲಿ, ಸಿಂಹದ ಮಲ, ಮೂಳೆ ಚೂರು ಇದರ ಜೊತೆ ಸೇರಲೇಬಾರದು, ಜಂತುಹುಳದ ಮೊಟ್ಟೆ ಗೊಬ್ಬರದ ಮೂಲಕ ಊರೆಲ್ಲಾ ಹರಡುತ್ತೆ. ಹಕ್ಕಿಗಳದ್ದಂತೂ ಬೇರೇನೇ ಇರ್ಲಿ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಮೈಸೂರು ಝೂ ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು, ನೆನಪಿದ್ಯಲ್ಲ. ಆಸ್ಪತ್ರೆಯ ಸೂಜಿ, ಬ್ಯಾಂಡೇಜು ವೈದ್ಯಕೀಯ ತ್ಯಾಜ್ಯದ ಗಾಡಿಗೇ ಹೋಗ್ಬೇಕು, ಅದ್ರಲ್ಲಿ ಮಾತೇ ಇಲ್ಲ.

ಈಗ ಗೊಬ್ಬರದ ರಾಶಿ. ಲದ್ದಿ ಒಂದು ಪದರ, ಒಣಗಿದ ಎಲೆ ಇಲ್ಲಾ ಹಳೇ ಭತ್ತದ ಹುಲ್ಲು ಒಂದು ಪದರ, ಹೀಗೆ ಎದೆಮಟ್ಟಕ್ಕೆ ಏರಿಸಿ. ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರ್ಬೇಕು, ಧಾರೆ ಸುರಿದ್ರೆ ಜಾಸ್ತಿ ನೀರಾಯ್ತು ಅಂತ. ಎರಡ್ಮೂರು ದಿನದಲ್ಲಿ ಒಳಗೆ ಬಿಸಿ ಏರುತ್ತೆ. ಥರ್ಮಾಮೀಟರ್ ಚುಚ್ಚಿ ನೋಡಿ, 55 ಡಿಗ್ರಿ ದಾಟಿ 15 ದಿನ ನಿಲ್ಬೇಕು, ಅಷ್ಟರೊಳಗೆ ಐದು ಸಲನಾದ್ರೂ ತಿರುವಿ ಹಾಕ್ಬೇಕು, ಹೊರಗಿನದು ಒಳಗೆ ಹೋಗೋ ಹಾಗೆ. ಇಲ್ದಿದ್ರೆ ಲದ್ದಿಯಲ್ಲಿರೋ ಬೀಜಗಳೆಲ್ಲಾ ಸಾಯದೆ ಹುಲ್ಲುಹಾಸಲ್ಲಿ ಮೊಳಕೆ ಒಡೀತವೆ. ಮೂಗಿಗೆ ಘಾಟು ಹೊಡೆದ್ರೆ ಇನ್ನಷ್ಟು ಎಲೆ ಹಾಕಿ. ಎರೆಹುಳನ ಈ ಬಿಸಿಯಲ್ಲಿ ಬಿಟ್ರೆ ಬೆಂದೇ ಹೋಗ್ತವೆ, ಪಾಪ, ತಣ್ಣಗಾದ ಮೇಲೆ ಬಿಡಿ. ಮಳೆಗಾಲದಲ್ಲಿ ಮೇಲೆ ಶೀಟು ಬೇಕು, ಕೆಳಗೆ ಕಾಂಕ್ರೀಟು ಬೇಕು, ಪಕ್ಕದಲ್ಲೇ ಕಾರಂಜಿ ಕೆರೆ ಇರೋ ಜಾಗದಲ್ಲಿ ರಾಶಿಯಿಂದ ಇಳಿಯೋ ಕಪ್ಪು ನೀರು ಎಲ್ಲಿಗೆ ಹೋಗ್ತಿದೆ ಅಂತ ನೋಡ್ಲೇಬೇಕು. ಆನೆ ಲದ್ದಿಯಿಂದ ಪೇಪರ್ ಮಾಡೋದು ಚೆನ್ನಾಗೇನೋ ಕಾಣುತ್ತೆ, ಆದ್ರೆ ಅದಕ್ಕೆ ಕುದಿಸೋ ತೊಳೆಯೋ ನೀರು ಬಹಳ ಬೇಕು, ಗಿಫ್ಟ್ ಶಾಪಿಗೆ ಸರಿ, ದಿನದ ಲದ್ದಿಗೆ ಅಲ್ಲ.

ಕೊನೇಗೆ ಮುಂದಿನ ಗೇಟು. ಉಪ್ಪಿನ ವಾಸನೆಗೆ ಜಿಂಕೆ ಚಿಪ್ಸ್ ಕವರ್ ನುಂಗುತ್ತೆ, ಅದು ಹೊಟ್ಟೇಲೇ ಸಿಕ್ಕಾಕೊಳ್ಳುತ್ತೆ. ಬೋರ್ಡು ಹಾಕಿದ್ರೆ ಯಾರು ಓದ್ತಾರೆ, ದುಡ್ಡಿನ ಮಾತು ಕೇಳ್ತಾರೆ. ನೀಲಗಿರಿಯ ಮದ್ಯದಂಗಡಿಗಳಲ್ಲಿ 2022ರಲ್ಲಿ ಬಾಟ್ಲಿಗೆ 10 ರೂಪಾಯಿ ಹೆಚ್ಚಿಗೆ ತಗೊಂಡು, ಖಾಲಿ ವಾಪಸ್ ಕೊಟ್ರೆ ದುಡ್ಡು ವಾಪಸ್ ಅಂತ ಮಾಡಿದ್ರಲ್ಲ, ನೀರಿನ ಬಾಟ್ಲಿಗೂ ಹಂಗೇ ಸ್ಟಿಕ್ಕರ್ ಅಂಟಿಸಿ. ವಾಪಸ್ ಕೌಂಟರ್ ಮಾತ್ರ ಎಕ್ಸಿಟ್ ಹತ್ರಾನೇ ಇರ್ಲಿ, ಮಕ್ಕಳನ್ನ ಎಳ್ಕೊಂಡು ಸುಸ್ತಾದೋರು 10 ರೂಪಾಯಿಗೋಸ್ಕರ ಎಂಟ್ರೆನ್ಸಿಗೆ ವಾಪಸ್ ನಡೆಯಲ್ಲ. ಮೇವಿನ ಚೀಲ, ಪ್ಲಾಸ್ಟಿಕ್ ಹುರಿಗಳನ್ನ ಗೋಡೌನಲ್ಲೇ ಬಿಚ್ಚಿ ಎಣಿಸಿ ಗುಜರಿಗೆ ಹಾಕಿ, ಆವರಣದೊಳಗೆ ಒಂದೂ ಹೋಗ್ಬಾರದು.

ಮೂರ್ನಾಲ್ಕು ತಿಂಗಳಿಗೆ ರಾಶಿ ಕಪ್ಪಗಾಗಿ ಮಣ್ಣಿನ ವಾಸನೆ ಬರುತ್ತೆ. ಆಗ ಒಂದು ಕುಂಡದಲ್ಲಿ ಈ ಗೊಬ್ಬರ ಮಣ್ಣು ಬೆರೆಸಿ ನಾಲ್ಕು ಮೆಂತ್ಯಕಾಳು ಉದುರಿಸಿ, ಹಸಿರಾಗಿ ಎದ್ರೆ ಚೀಲಕ್ಕೆ ತುಂಬಿ, ಹಳದಿಯಾಗಿ ಬಾಡಿದ್ರೆ ಇನ್ನೊಂದು ಮೂರು ವಾರ ಬಿಡಿ.