ಒಂಬತ್ತನೇ ಚಾಯ್ಸ್ ಸಿಕ್ಕಿದ ಹುಡುಗಿ

ನಾನು ಕಾಸರಗೋಡಿನ ಒಂದು ಕಾಲೇಜಲ್ಲಿ ಮ್ಯಾಥ್ಸ್ ಪಾಠ ಮಾಡುದು. ಫೈನಲ್ ಇಯರಿನವರಿಗೆ ಪ್ರಾಜೆಕ್ಟ್ ಹಂಚುದು ಮೊದಲೆಲ್ಲ ಹೇಗಿತ್ತು ಅಂದ್ರೆ ಬೆಳಿಗ್ಗೆ ಬೋರ್ಡಿಗೆ ಒಂದು ಶೀಟ್ ಅಂಟಿಸುದು, ಮೊದಲು ಬಂದವರು ಹೆಸರು ಬರೆಯುದು. ಹತ್ರ ಮನೆ ಇದ್ದವರಿಗೆ ಬೇಕಾದ್ದು ಸಿಗ್ತಿತ್ತು, ಅಡೂರು ಮುಳ್ಳೇರಿಯ ಕಡೆಯಿಂದ ಬಸ್ಸಲ್ಲಿ ಬರುವ ಮಕ್ಕಳು ಬಂದು ಮುಟ್ಟುವಾಗ ಯಾರಿಗೂ ಬೇಡದ್ದು ಮಾತ್ರ ಉಳಿದಿರ್ತಿತ್ತು. ನನಗೆ ಅದು ನೋಡ್ಲಿಕ್ಕಾಗ್ಲಿಲ್ಲ.

48 ಮಕ್ಕಳು, 12 ಪ್ರಾಜೆಕ್ಟ್, ಒಂದಕ್ಕೆ ನಾಲ್ಕು ಜನ. ಎಲ್ಲರ ಹತ್ರವೂ 12ಕ್ಕೂ ರ‍್ಯಾಂಕ್ ಬರೆಸಿದೆ. ಒಬ್ಬೊಬ್ಬರಿಗೆ ಒಂದೊಂದು ಪ್ರಾಜೆಕ್ಟಿಗೆ ಒಂದು ವೇರಿಯೇಬಲ್, ಸಿಕ್ಕಿದ್ರೆ 1 ಇಲ್ಲದಿದ್ರೆ 0, ಒಟ್ಟು 576. ನಿಯಮ ಕೊಟ್ರೆ ಎಲ್ಲಕ್ಕಿಂತ ಒಳ್ಳೆ ಉತ್ತರ ಹುಡುಕಿ ಕೊಡುವ ಸಾಲ್ವರ್ ಅಂತ ಒಂದು ಎಕ್ಸೆಲಿನೊಟ್ಟಿಗೆ ಬರ್ತದೆ, ಆದ್ರೆ ಅದು 200 ವೇರಿಯೇಬಲಿಗಿಂತ ಜಾಸ್ತಿ ತಗೊಳ್ಳುದಿಲ್ಲ, ಹಾಗಾಗಿ ಅದೇ ಕೆಲಸಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಲ್ಪ್ (PuLP) ಅನ್ನುವ ಲೈಬ್ರರಿ ಹಿಡಿದೆ, ಅದು ಫ್ರೀ.

ರ‍್ಯಾಂಕಿನ ಒಟ್ಟು ಮೊತ್ತ ಆದಷ್ಟು ಕಮ್ಮಿ ಆಗ್ಲಿ ಅಂತ ಕೊಟ್ಟೆ. ಹೆಚ್ಚಿನವರಿಗೆ ಒಂದನೇದ್ದು ಇಲ್ಲಾ ಎರಡನೇದ್ದು ಬಂತು, ಖುಷಿಯಲ್ಲಿ ಲಿಸ್ಟ್ ಹಾಕಿದೆ. ಮಧ್ಯಾಹ್ನ ಒಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸರ್, ನಂಗೆ ಒಂಬತ್ತನೇದ್ದು ಬಂದದ್ದು, ನಾನು ಫಾರ್ಮಲ್ಲಿ ಎಂತಾದ್ರೂ ತಪ್ಪು ಬರೆದಿದ್ದೇನಾ?" ಅಂತ ಕೇಳಿದ್ಲು. ಮನೆಗೆ ಹೋದ್ರೂ ಅದೇ ತಲೆಯಲ್ಲಿ.

ತಪ್ಪು ನನ್ನ ಸೂತ್ರದ್ದು. ಅವಳಿಗೆ ಮೂರನೇದ್ದು ಕೊಡ್ಲಿಕ್ಕೆ ಏಳು ಜನ ಒಂದನೇದ್ದು ಬಿಟ್ಟು ಎರಡನೇದ್ದಕ್ಕೆ ಇಳಿಯಬೇಕಿತ್ತು. ಮೊತ್ತದಲ್ಲಿ 6 ಇಳಿಯುದು, 7 ಏರುದು, ಆ ಒಂದೇ ಒಂದು ಅಂಕಕ್ಕೋಸ್ಕರ ಕಂಪ್ಯೂಟರ್ ಅವಳನ್ನು ಅಲ್ಲೇ ಬಿಟ್ಟಿತ್ತು. ರಾತ್ರಿ ಕೂತು ರ‍್ಯಾಂಕಿನ ಬದಲು ರ‍್ಯಾಂಕಿನ ವರ್ಗ ಹಾಕಿದೆ. 9 ಅಂದ್ರೆ 81, 3 ಅಂದ್ರೆ 9, ಅಲ್ಲಿ 72 ಇಳಿಯಿತು, ಏಳು ಜನರಿಗೆ ತಲಾ 3ರಂತೆ 21 ಏರಿತು ಅಷ್ಟೇ. ದೂರ ಬಿದ್ದವರ ನೋವು ಈಗ ಲೆಕ್ಕಕ್ಕೆ ಬಂತು.

ಇನ್ನೊಂದು ನಿಯಮವೂ ಸೇರಿಸಿದೆ. ನಮ್ಮಲ್ಲಿ ಕನ್ನಡ ಮೀಡಿಯಂನವರೂ ಮಲಯಾಳಂ ಮೀಡಿಯಂನವರೂ ಒಟ್ಟಿಗೆ, ನಾಲ್ಕರಲ್ಲಿ ಒಬ್ಬನೇ ಕನ್ನಡದವನಾದ್ರೆ ಪಾಪ ಅವನು ಬಾಯೇ ಬಿಡುದಿಲ್ಲ, ಅತ್ತ ಕಡೆಯವರಿಗೂ ಹಾಗೇ. ಹಾಗಾಗಿ ಒಂದು ಟೀಮಲ್ಲಿ ಒಂದು ಮೀಡಿಯಂನವರು ಇದ್ರೆ ಇಬ್ಬರಾದ್ರೂ ಇರ್ಬೇಕು, ಇಲ್ಲ ಒಬ್ಬರೂ ಬೇಡ. ಇದಕ್ಕೆ ಪ್ರತಿ ಪ್ರಾಜೆಕ್ಟಿಗೂ ಒಂದು ಮೀಡಿಯಂಗೆ ಒಂದರಂತೆ ಸೊನ್ನೆ-ಒಂದರ ಸ್ವಿಚ್ ಇಡ್ಬೇಕಾಯ್ತು, ಆ ಮೀಡಿಯಂನವರು ಟೀಮಲ್ಲಿ ಇದ್ರೆ 1, ಇಲ್ಲದಿದ್ರೆ 0. ಯಾರಿಗೆ ಯಾವ ಕೆಲಸ ಕೊಟ್ರೆ ಒಟ್ಟು ಮೊತ್ತ ಕಮ್ಮಿ ಆಗ್ತದೆ ಅಂತ ಕಂಡುಹಿಡಿಯಲಿಕ್ಕೆ 1955ರಲ್ಲಿ ಗಣಿತಜ್ಞ ಕೂನ್ ಕೊಟ್ಟ ಹಂಗೇರಿಯನ್ ಮೆಥಡ್ ಕ್ಲಾಸಲ್ಲಿ ನಾನೇ ಕಲಿಸುದು, ಈ ನಿಯಮ ಬಂದ ಮೇಲೆ ಅದೊಂದೇ ಸಾಕಾಗುದಿಲ್ಲ, ಉತ್ತರ ಪೂರ್ಣಾಂಕದಲ್ಲೇ ಬರ್ಬೇಕು ಅನ್ನುವ ಷರತ್ತಿಟ್ಟು ಬಿಡಿಸುವ ಇಂಟಿಜರ್ ಪ್ರೋಗ್ರಾಮಿಂಗೇ ಬೇಕು.

ಲಿಸ್ಟ್ ಬದಲಾದಾಗ ಆ ಏಳು ಜನರಲ್ಲಿ ಒಬ್ಬ "ಸರ್, ಹಾಕಿದ್ದನ್ನು ತೆಗೆದ್ರಲ್ಲಾ" ಅಂದ. ಅವನು ಹೇಳಿದ್ದು ಸರಿಯೇ. ಈ ವರ್ಷ ಸೂತ್ರವನ್ನೇ ಮೊದಲು ಬೋರ್ಡಿಗೆ ಹಾಕಿದ್ದೇನೆ, ಫಾರ್ಮ್ ಒಂದು ವಾರ ತೆರೆದಿರ್ತದೆ.