ತೂತು ಸಿಗುವವರೆಗೆ ಸೀಲಂಟ್ ಡಬ್ಬಿ ತೆರೆಯಬೇಡಿ

ಸಣ್ಣ ಮೀನುಗಾರಿಕೆ ದೋಣಿಯ ತಳದಲ್ಲಿ ಸಂಜೆಗೆ ಒಂದು ಬಕೆಟ್ ನೀರು ನಿಂತಿದ್ದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊಗೆದು ಚೆಲ್ಲಿದರಾಯಿತು ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಅನುಮಾನ ಬಂದ ಕಡೆಗೆಲ್ಲ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿದುಬಿಡುತ್ತಾರೆ. ಇದಂತೂ ಇನ್ನೂ ಕೆಟ್ಟದ್ದು. ನೀರು ಒಳಗೆ ನುಸುಳುವ ಜಾಗ ಒಂದಾದರೆ, ಬಂದು ನಿಲ್ಲುವ ಜಾಗ ಇನ್ನೊಂದು. ಮುಂದಿನ ತುದಿಯಲ್ಲಿ ಜಿನುಗಿದ್ದು ಹರಿದು ಬಂದು ಹಿಂದಿನ ಮೂಲೆಯಲ್ಲಿ ಕೂತಿರುತ್ತದೆ. ಹಾಗಾಗಿ ರಿಪೇರಿಗಿಂತ ಹುಡುಕಾಟಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ.

ಮೊದಲು ಅದು ನಿಜಕ್ಕೂ ಸೋರಿಕೆಯೇ ಎಂದು ನೋಡಬೇಕಲ್ವಾ? ಮಳೆ ನೀರು, ಬಲೆಯಿಂದ ಇಳಿದ ನೀರು, ಅಲೆ ಎರಚಿದ್ದು, ಎಲ್ಲವೂ ತಳದಲ್ಲೇ ಸೇರುತ್ತದೆ. ಒಳಗೆಲ್ಲ ಸ್ಪಂಜಿನಿಂದ ಒರೆಸಿ ಒಣಗಿಸಿ. ಮೇಲೆ ಟಾರ್ಪಾಲು ಹೊದಿಸಿ, ರಾತ್ರಿಯಿಡೀ ದೋಣಿಯನ್ನು ನೀರಲ್ಲೇ ಕಟ್ಟಿಡಿ. ಬೆಳಗ್ಗೆ ತಳ ಒದ್ದೆಯಾಗಿದ್ದರೆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ. ಒಣಗಿಯೇ ಇದ್ದರೆ ಅದು ಬರೀ ಮಳೆ, ಬಲೆ, ಅಲೆಯ ನೀರಿರಬಹುದು, ಇಲ್ಲವೇ ನೀರು ಬರುವುದು ದೋಣಿ ಓಡುವಾಗ ಅಥವಾ ಭಾರ ಹೇರಿದಾಗ. ಆಗ ಮೇಲಂಚಿನ ಜೋಡಣೆ ನೋಡಿ. ತಳದ ನೀರು ಹೊರಹಾಕುವ ಪಂಪಿದ್ದರೆ ಅದರ ಪೈಪಿನ ಬಾಯಿಯನ್ನೂ ನೋಡಿ. ಭಾರಕ್ಕೆ ದೋಣಿ ತಗ್ಗಿ ಆ ಬಾಯಿ ಮುಳುಗಿದರೆ ನೀರು ಅದೇ ಪೈಪಿನಲ್ಲಿ ವಾಪಸ್ ಒಳಗೆ ಬರಬಹುದು. ನಿಂತಾಗ ಮುಚ್ಚಿಕೊಂಡಿದ್ದು ಓಡುವಾಗ ಬಾಯಿ ಬಿಡುವ ಬಿರುಕುಗಳೂ ಇರುತ್ತವೆ.

ಮುಂದಿನ ಸರದಿ ತಳದ ನೀರು ಹೊರಬಿಡುವ ತೂತಿನ ಬಿರಡೆಯದು. ಅದರ ರಬ್ಬರ್ ವಾಷರ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಹೊಸ ಬಿರಡೆ ಹಾಕಿ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಬಿರಡೆ ಕೂರುವ ಚೌಕಟ್ಟಿನ ಸುತ್ತಲಿನ ಸ್ಕ್ರೂಗಳೂ ಸೋರುತ್ತವೆ. ನೀರಿನ ಮಟ್ಟದ ಕೆಳಗಿರುವ ಪ್ರತಿ ಸ್ಕ್ರೂ, ಬೋಲ್ಟನ್ನು ಕೈಯಿಂದ ಅಲ್ಲಾಡಿಸಿ ನೋಡಿ: ಮೋಟಾರಿನ ಬೋಲ್ಟು, ಫಿಶ್ ಫೈಂಡರ್ ಸೆನ್ಸರಿನ ಸ್ಕ್ರೂ, ಜೀವಂತ ಮೀನು ಬಿಡುವ ತೊಟ್ಟಿಯ ಪೈಪಿನ ಕ್ಲಿಪ್ಪು. ನನ್ನ ಪ್ರಕಾರ ನಿಧಾನವಾದ ಸೋರಿಕೆಗೆ ಮೊದಲ ಅನುಮಾನ ಇವುಗಳ ಮೇಲೇ ಇರಬೇಕು. ಒಡಲಿನ ಬಿರುಕು ಆಮೇಲಿನ ಮಾತು.

ಒಳಗೆ ನೀರು ತುಂಬಿಸಿ, ಹೊರಗೆ ನೋಡಿ

ಇಷ್ಟಕ್ಕೂ ಸಿಗದಿದ್ದರೆ ಆಟವನ್ನು ತಿರುವುಮುರುವು ಮಾಡಿ. ದೋಣಿಯನ್ನು ದಡಕ್ಕೆ ತಂದು ಮರದ ದಿಮ್ಮಿಗಳ ಮೇಲೆ, ಇಲ್ಲವೇ ಟ್ರೇಲರಿನ ಮೇಲೆ ಭದ್ರವಾಗಿ ಕೂರಿಸಿ. ಬ್ಯಾಟರಿ ತೆಗೆದಿಡಿ. ತಳದ ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಗಾಳಿಗೆ ಬಿಟ್ಟು ಪೂರ್ತಿ ಒಣಗಿಸಿ. ಸಂದು, ರಿವೆಟ್, ಬೋಲ್ಟುಗಳ ಸುತ್ತ ಸೀಮೆಸುಣ್ಣ ಉಜ್ಜಿ. ಈಗ ಒಳಗೆ ನೀರು ಬಿಡಿ. ಆದರೆ ತುಂಬಾ ಬೇಡ. 1 ಲೀಟರ್ ನೀರು ಅಂದರೆ 1 ಕಿಲೋ. 200 ಲೀಟರ್ ಸುರಿದರೆ 200 ಕಿಲೋ ಭಾರ ತಳದ ಮೇಲೆ ಕೂರುತ್ತದೆ. ನೀರಲ್ಲಿದ್ದಾಗ ಸುತ್ತಲಿನ ನೀರೇ ತಳವನ್ನು ಹೊರುತ್ತದೆ, ದಡದಲ್ಲಿ ಆ ಆಸರೆ ಇಲ್ಲ. ನಾಲ್ಕು ಬೆರಳಷ್ಟು ನಿಂತರೆ ಶುರುವಿಗೆ ಸಾಕು. ನೀರಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿದರೆ ಗುರುತು ಹಿಡಿಯುವುದು ಸುಲಭ.

ಆಮೇಲೆ ಅವಸರ ಮಾಡದೆ ಕಾಯಿರಿ. ಒಣ ಸುಣ್ಣದ ಬಿಳುಪಿನಲ್ಲಿ ಮೊದಲು ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಗೆರೆ ಅಗಲವಾಗುತ್ತದೆ, ಹನಿ ಕಟ್ಟುತ್ತದೆ, ತಳದ ಇಳಿಜಾರಿನಲ್ಲಿ ಜಾರಿ ಬೇರೆಲ್ಲೋ ಉದುರುತ್ತದೆ. ನಿಮಗೆ ಬೇಕಿರುವುದು ಹನಿ ಬೀಳುವ ಜಾಗ ಅಲ್ಲ, ಹುಟ್ಟುವ ಜಾಗ. ಒರೆಸಿ, ಮತ್ತೆ ನೋಡಿ, ಮೊದಲು ಒದ್ದೆಯಾದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ. ನೀರಿನ ಮಟ್ಟ ನಿಧಾನಕ್ಕೆ ಸ್ವಲ್ಪ ಏರಿಸಿ, ಎರಡನೆಯದನ್ನೂ ಹುಡುಕಿ.

ಇನ್ನು ರಿಪೇರಿ

ಬೋಲ್ಟು ಸೋರುತ್ತಿದ್ದರೆ ಬಿಚ್ಚಿ ತೆಗೆಯಲೇಬೇಕು. ಮೇಲಿಂದ ಬಳಿದರೆ ನಿಲ್ಲುವುದಿಲ್ಲ. ಹಳೆಯ ಅಂಟನ್ನು ಕೆರೆದು, ತೂತಿನೊಳಗೆ ಪೂರ್ತಿ ಒಣಗಿಸಿ, ದೋಣಿಗೆಂದೇ ಸಿಗುವ ಪಾಲಿಯುರೆಥೇನ್ ಸೀಲಂಟ್ ಹಚ್ಚಿ ಬೋಲ್ಟು ಕೂರಿಸಿ. ಒಮ್ಮೆಗೇ ಬಿಗಿಯಬೇಡಿ. ಬಿಗಿದರೆ ಸೀಲಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಹಗುರವಾಗಿ ಬಿಗಿದು, ಸೀಲಂಟ್ ಗಟ್ಟಿಯಾದ ಮೇಲೆ, ಬೋಲ್ಟಿನ ತಲೆ ತಿರುಗದಂತೆ ಹಿಡಿದು ನಟ್ಟನ್ನು ಮಾತ್ರ ಇನ್ನೊಂದು ಸುತ್ತು ತಿರುಗಿಸಿ. ಬಾತ್‌ರೂಮಿಗೆ ತಂದ ಸಿಲಿಕೋನ್ ಟ್ಯೂಬನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಅದು ನೀರಿನ ಕೆಳಗೆ ನೆಚ್ಚಿಕೊಳ್ಳುವಂಥದ್ದಲ್ಲ, ಕಿತ್ತ ಮೇಲೂ ಅದು ಬಿಟ್ಟುಹೋಗುವ ಜಿಡ್ಡಿನ ಮೇಲೆ ಬೇರೇನೂ ಅಂಟುವುದಿಲ್ಲ.

ಫೈಬರ್ ದೋಣಿಯ ಬಿರುಕಿನ ಮೇಲೆ ಸುಮ್ನೆ ಲಪ್ಪ ಮೆತ್ತಿದರೆ ಕೆಲವೇ ದಿನಕ್ಕೆ ಕಿತ್ತು ಬರುತ್ತದೆ. ಬಿರುಕನ್ನು ಗಟ್ಟಿ ಪದರ ಸಿಗುವವರೆಗೆ ಉಜ್ಜಿ, ಅಂಚನ್ನು ಇಳಿಜಾರು ಮಾಡಬೇಕು. ಬಿರುಕು ಆರುಪಾರಾಗಿದ್ದರೆ ಇಳಿಜಾರಿನ ಅಗಲ ಒಡಲಿನ ದಪ್ಪದ 12 ಪಟ್ಟು ಇರಲಿ. ಅಂದರೆ 5 ಮಿ.ಮೀ. ದಪ್ಪಕ್ಕೆ ಸುತ್ತಲೂ 60 ಮಿ.ಮೀ. ಫೈಬರ್ ಧೂಳು ಎದೆಗೆ ಕೆಟ್ಟದ್ದು, ಮಾಸ್ಕ್ ಹಾಕದೆ ಗ್ರೈಂಡರ್ ಮುಟ್ಟಬೇಡಿ. ಅಸಿಟೋನಿನಿಂದ ಒರೆಸಿ (ಹತ್ತಿರ ಬೆಂಕಿ ಬೇಡ), ಗಾಜಿನ ಬಟ್ಟೆಯ ತುಂಡುಗಳನ್ನು ಎಪಾಕ್ಸಿಯಲ್ಲಿ ನೆನೆಸಿ ಪದರ ಪದರವಾಗಿ ಕೂರಿಸಿ, ಗುಳ್ಳೆ ಉಳಿಯದಂತೆ ಒತ್ತಿ. ಎಪಾಕ್ಸಿ ಮತ್ತು ಹಾರ್ಡನರ್ ಬೆರಕೆ ಡಬ್ಬಿಯ ಮೇಲಿನ ಅಳತೆಯಂತೆಯೇ ಇರಬೇಕು. ಬೇಗ ಒಣಗಲಿ ಎಂದು ಹಾರ್ಡನರ್ ಜಾಸ್ತಿ ಸುರಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಒಣಗಿದ ಮೇಲೆ ಮೇಣದಂಥ ಜಿಡ್ಡು ಮೇಲೆದ್ದಿರಬಹುದು. ನೀರು ಹಾಕಿ ತಿಕ್ಕಿ ತೊಳೆದ ಮೇಲೆಯೇ ಸ್ಯಾಂಡ್ ಪೇಪರ್ ಹಿಡಿಯಿರಿ, ಆಮೇಲೆ ಬಣ್ಣ.

ಅಲ್ಯೂಮಿನಿಯಂ ದೋಣಿಯಲ್ಲಿ ಸಾಮಾನ್ಯವಾಗಿ ಸಡಿಲಾಗುವುದು ರಿವೆಟ್. ಒಬ್ಬರು ಹೊರಗಿನಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಲಿ. ಸವೆದಿದ್ದರೆ ಕೊರೆದು ತೆಗೆದು ಅಲ್ಯೂಮಿನಿಯಂ ರಿವೆಟನ್ನೇ ಹಾಕಿ. ಕಬ್ಬಿಣದ್ದು ಬೇಡ. ಎರಡು ಲೋಹ ಉಪ್ಪುನೀರಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಮ್ಮೇ ತಿಂದುಹೋಗುತ್ತದೆ.

ಹಲಗೆ ದೋಣಿಯ ಲೆಕ್ಕವೇ ಬೇರೆ. ಬಹಳ ದಿನ ದಡದಲ್ಲಿದ್ದರೆ ಹಲಗೆ ಒಣಗಿ ಸಂದು ಬಿಡುತ್ತದೆ. ನೀರಿಗಿಳಿಸಿ ಎರಡು ಮೂರು ದಿನ ಬಿಟ್ಟರೆ ಹಲಗೆ ಉಬ್ಬಿ ತಾನೇ ಮುಚ್ಚಿಕೊಳ್ಳಬಹುದು. ಅಷ್ಟು ದಿನ ನೀರು ಮೊಗೆಯುತ್ತಿರಬೇಕು ಅಷ್ಟೇ. ಒಣಗಿದ ಸಂದಿಗೆ ಗಟ್ಟಿಯಾಗುವ ಲಪ್ಪ ತುಂಬಿದರೆ, ಹಲಗೆ ಉಬ್ಬುವಾಗ ಜಾಗ ಸಾಲದೆ ಒಳಗಿನ ಅಡ್ಡಪಟ್ಟಿಗಳನ್ನೇ ದೂಡಿ ಸಡಿಲಿಸುತ್ತದೆ. ಮೂರು ದಿನದ ಮೇಲೂ ಸೋರುವ ಸಂದಿಗೆ ಮಾತ್ರ ಹತ್ತಿ ನೂಲು ತುರುಕಿ, ಮೇಲೆ ಮೆತ್ತಗೇ ಉಳಿಯುವ ಲಪ್ಪ ಹಾಕಿ.

ರಿಪೇರಿಯಾದ ಫೈಬರ್, ಅಲ್ಯೂಮಿನಿಯಂ ದೋಣಿಗೆ ಅದೇ ಮಟ್ಟಕ್ಕೆ ನೀರು ಬಿಟ್ಟು ಸುಣ್ಣದ ಪರೀಕ್ಷೆ ಇನ್ನೊಮ್ಮೆ ಮಾಡಿ. ಮೋಟಾರು ಕೂರುವ ಹಿಂಬದಿ ಹಲಗೆಯನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಎನ್ನದೆ ಬದ್ದೆಂದರೆ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಅದು ಸೀಲಂಟಿನಿಂದ ಮುಗಿಯುವ ಕೆಲಸವಲ್ಲ, ಮೋಟಾರು ಬಿಚ್ಚಿ ದೋಣಿ ಕಟ್ಟುವವರಿಗೇ ತೋರಿಸಿ.